ಅರ್ಧ ಹುಡುಗ, ಅರ್ಧ ಹಲ್ಲಿ

(ಕೆಂಗೇರಿ ಉಪನಗರದಲ್ಲಿ ಮಕ್ಕಳ ಚಿತ್ರಗಳ ಪುಟ್ಟ ಪ್ರದರ್ಶನವೊಂದರ ಸಂದರ್ಭದಲ್ಲಿ ಪೋಷಕರನ್ನೂ ಶಿಕ್ಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ನಾನು ಒಳಗೆ ಬರುವಾಗ ಬಾಗಿಲ ಬಳಿಯ ಗೋಡೆಯ ಮೇಲೆ ಒಂದು ಚಿತ್ರ ಕಂಡೆ. ಒಬ್ಬ ಹುಡುಗ ಹಲ್ಲಿಯಾಗುತ್ತಿದ್ದಾನೆ. ಪೂರ್ತಿ ಆಗಿಲ್ಲ, ಅರ್ಧ ಆಗಿದ್ದಾನೆ. ಒಂದು ಕೈಯಲ್ಲಿ ಇನ್ನೂ ಗಡಿಯಾರವಿದೆ, ಇನ್ನೊಂದು ಕೈಗೆ ಆಗಲೇ ಹಲ್ಲಿಯ ಬೆರಳು ಬಂದಿದೆ. ಅದನ್ನು ನೋಡುತ್ತ ನಿಂತಿದ್ದಾಗ ಆ ಬಾಲಕನ ತಾಯಿ ಪಕ್ಕಕ್ಕೆ ಬಂದು, ‘ಪರೀಕ್ಷೆ ಹತ್ತಿರ ಬಂತು ಸಾರ್, ಗಣಿತದ ನೋಟ್‌ಬುಕ್ಕಿನ ಹಿಂದೆಲ್ಲ ಇವನ್ನೇ ಗೀಚಿದ್ದಾನೆ. ಇದರಿಂದ ಏನಾದರೂ ಉಪಯೋಗ ಉಂಟೆ, ನೀವೇ ಹೇಳಿ’ ಎಂದರು. ನಾನು ಸಿದ್ಧಪಡಿಸಿಕೊಂಡು ಬಂದಿದ್ದ ಭಾಷಣವನ್ನು ಜೇಬಿನಲ್ಲೇ ಇಟ್ಟು, ಆ ತಾಯಿಯ ಪ್ರಶ್ನೆಗೆ ಉತ್ತರ ಹೇಳಲು ಯತ್ನಿಸುತ್ತೇನೆ.

ಮೊದಲು ಆ ಹಲ್ಲಿ ಎಲ್ಲಿಂದ ಬಂತು ಎಂಬುದನ್ನು ತಿಳಿಯೋಣ. ಹುಡುಗನನ್ನು ವಿಚಾರಿಸಿದೆ. ಅವನ ಸೋದರಮಾವನ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ‘ಆನಿಮಾರ್ಫ್ಸ್’ ಎಂಬ ಇಂಗ್ಲಿಷ್ ಪುಸ್ತಕಗಳಿಂದ ಬಂದಿದೆ. ಅಮೆರಿಕದ ಲೇಖಕಿ ಕ್ಯಾಥರಿನ್ ಆ್ಯಪಲ್‌ಗೇಟ್ ತಮ್ಮ ಪತಿ ಮೈಕೇಲ್ ಗ್ರಾಂಟ್ ಅವರ ಸಹಕಾರದಿಂದ ರೂಪಿಸಿದ ವೈಜ್ಞಾನಿಕ ಕಾದಂಬರಿಗಳ ಮಾಲೆ ಇದು. 1996ರಲ್ಲಿ ಆರಂಭವಾಗಿ 2001ರಲ್ಲಿ ಮುಗಿಯುವಷ್ಟರಲ್ಲಿ ಮುಖ್ಯ ಮಾಲೆಯಲ್ಲೇ 54 ಪುಸ್ತಕಗಳು ಬಂದವು. ಮಾಲೆಯ ಉತ್ತರಾರ್ಧದ ಬಹುತೇಕ ಪುಸ್ತಕಗಳನ್ನು ಲೇಖಕಿಯ ರೂಪರೇಖೆಯ ಮೇರೆಗೆ ಬೇರೆಯವರು ಬರೆದುಕೊಟ್ಟರು. ನಡುವೆ ಒಂದು ದೂರದರ್ಶನ ಧಾರಾವಾಹಿಯೂ ಆಯಿತು.

ಕಥೆ ಸರಳವಾದದ್ದು. ಐವರು ಶಾಲಾ ಮಕ್ಕಳಿಗೆ ಸಾಯುತ್ತಿರುವ ಅನ್ಯಗ್ರಹದ ಜೀವಿಯೊಂದು ವಿಶೇಷ ಶಕ್ತಿಯನ್ನು ಕೊಡುತ್ತದೆ. ಯಾವುದೇ ಪ್ರಾಣಿಯನ್ನು ಮುಟ್ಟಿದರೆ ಅದರ ವಂಶವಾಹಿಯ ನಕ್ಷೆ ಅವರ ಮೈಯೊಳಗೆ ಸೇರುತ್ತದೆ, ಬೇಕೆಂದಾಗ ಆ ಪ್ರಾಣಿಯಾಗಬಹುದು. ಶತ್ರುಗಳು ಯೀರ್ಕ್ ಎಂಬ ಹುಳುಗಳು. ಕಿವಿಯ ಮೂಲಕ ಮಿದುಳನ್ನು ಹೊಕ್ಕು ಮನುಷ್ಯನನ್ನು ಬೊಂಬೆಯಂತೆ ಆಡಿಸುವಂಥವು. ಹೊರಗಿನಿಂದ ನೋಡಿದರೆ ಅದೇ ಅಣ್ಣ, ಅದೇ ಮೇಷ್ಟರು, ಒಳಗಿರುವುದು ಮಾತ್ರ ಬೇರೆ. ಮಕ್ಕಳ ದೇಹ ಬದಲಾದರೂ ಮನಸ್ಸು ಅವರದೇ. ಶತ್ರುಗಳು ಹೊಕ್ಕವರ ದೇಹ ಅವರದೇ, ಮನಸ್ಸು ಮಾತ್ರ ಪರರದು. ಇಡೀ ಮಾಲೆ ನಿಂತಿರುವುದು ಈ ವೈದೃಶ್ಯದ ಮೇಲೆ.

ಇನ್ನೊಂದು ನಿಯಮವುಂಟು. ಪ್ರಾಣಿಯ ರೂಪದಲ್ಲಿ ಎರಡು ಗಂಟೆಗಿಂತ ಹೆಚ್ಚು ಉಳಿಯಕೂಡದು. ಉಳಿದರೆ ಹಿಂದಿರುಗಲು ದಾರಿಯಿಲ್ಲ. ಮೊದಲ ಪುಸ್ತಕದಲ್ಲೇ ಟೊಬಾಯಸ್ ಎಂಬ ಹುಡುಗ ಗಡುವು ಮೀರಿ ಗಿಡುಗನಾಗಿಯೇ ಉಳಿದುಬಿಡುತ್ತಾನೆ. ಅದೇ ಪುಸ್ತಕದಲ್ಲಿ ಜೇಕ್ ಎಂಬ ಹುಡುಗ ಹಲ್ಲಿಯಾಗುತ್ತಾನೆ. ಹಲ್ಲಿಯ ಸಹಜ ಪ್ರವೃತ್ತಿ ಅವನ ಬುದ್ಧಿಯನ್ನು ಮೀರಿ, ತಾನು ಏನು ಮಾಡುತ್ತಿದ್ದೇನೆಂದು ತಿಳಿಯುವುದರೊಳಗೆ ಜೀವಂತ ಜೇಡವೊಂದನ್ನು ನುಂಗಿರುತ್ತಾನೆ. ಗೋಡೆಯ ಮೇಲಿರುವ ಹುಡುಗ ಇವನೇ.

ಇದನ್ನೆಲ್ಲ ಕೇಳಿ ನಿಮ್ಮಲ್ಲಿ ಕೆಲವರಿಗೆ ‘ಇದು ನಮಗೆ ಹೊಸದೇನಲ್ಲ’ ಎನಿಸಿರಬಹುದು. ನಿಜ, ಹೊಸದಲ್ಲ. ಮಾರೀಚ ಚಿನ್ನದ ಜಿಂಕೆಯಾದ. ಹಿಡಿಂಬೆ ಸುಂದರಿಯಾದಳು. ಕಿಂದಮನೆಂಬ ಋಷಿ ಪತ್ನಿಯೊಡನೆ ಜಿಂಕೆಯ ರೂಪದಲ್ಲಿದ್ದಾಗಲೇ ಪಾಂಡುವಿನ ಬಾಣಕ್ಕೆ ಗುರಿಯಾಗಿ ಸತ್ತ, ಆ ಶಾಪದಿಂದಲೇ ಮುಂದಿನ ಮಹಾಭಾರತ ಬೆಳೆಯಿತು. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ನಾಗ ಗಂಡನ ರೂಪ ತಾಳಿ ರಾಣಿಯ ಮನೆಗೆ ಬರುತ್ತಾನೆ.

ಆದರೆ ಈ ಎಲ್ಲಕ್ಕಿಂತ ಆನಿಮಾರ್ಫ್ಸ್‌ಗೆ ಹತ್ತಿರವಾದ ಕಥೆಯೊಂದು ನಮ್ಮ ಅಡುಗೆಮನೆಗಳಲ್ಲೇ ಹುಟ್ಟಿದೆ. ಎ. ಕೆ. ರಾಮಾನುಜನ್ ಕರ್ನಾಟಕದ ಹೆಂಗಸರ ಬಾಯಿಂದ ಸಂಗ್ರಹಿಸಿದ, ಹೂವಿನ ಮರವಾಗುವ ಹುಡುಗಿಯ ಕಥೆ. ಬಡ ತಾಯಿಯ ಕಿರಿಯ ಮಗಳು ಅಕ್ಕನ ಕೈಯಲ್ಲಿ ಬಿಂದಿಗೆ ನೀರು ಸುರಿಸಿಕೊಂಡು ಮರವಾಗುತ್ತಾಳೆ. ಎಲೆಗೂ ಕಾಂಡಕ್ಕೂ ನೋವಾಗದಂತೆ ಹೂ ಬಿಡಿಸಿಕೊಂಡು ಮತ್ತೆ ನೀರು ಸುರಿದರೆ ಪುನಃ ಹುಡುಗಿ. ಮುಂದೆ ರಾಜಕುಮಾರನ ಹೆಂಡತಿಯಾದ ಮೇಲೆ ನಾದಿನಿಯೂ ಅವಳ ಗೆಳತಿಯರೂ ತೋಟಕ್ಕೆ ಕರೆದೊಯ್ದು, ಮರವಾಗುವಂತೆ ಕಾಡಿಸಿ, ಕೊಂಬೆಗಳನ್ನು ಮುರಿದು, ನೀರನ್ನು ಹೇಗೋ ಎರಚಿ ಓಡಿಹೋಗುತ್ತಾರೆ. ಪೂರ್ತಿ ಮರವೂ ಅಲ್ಲ, ಪೂರ್ತಿ ಹೆಣ್ಣೂ ಅಲ್ಲ, ಕೈಕಾಲಿಲ್ಲದ ಒಂದು ಮುದ್ದೆಯಾಗಿ ಅವಳು ಉಳಿಯುತ್ತಾಳೆ. ಬಹುಕಾಲದ ಮೇಲೆ ಗಂಡನೇ ನೀರೆರೆದು ಮರವಾಗಿಸಿ, ಮುರಿದ ಕೊಂಬೆಗಳನ್ನು ಜೋಡಿಸಿ ಕಟ್ಟಿ, ಮತ್ತೆ ನೀರೆರೆದಾಗ ಅವಳಿಗೆ ಮೈ ಮರಳಿ ಬರುತ್ತದೆ. ಈ ಕಥೆಯಿಂದ 1992ರಲ್ಲಿ ಕಾರ್ನಾಡರು ಹಿಂದಿಯಲ್ಲಿ ‘ಚೆಲುವಿ’ ಚಿತ್ರ ಮಾಡಿದರು. ರಾಮಾನುಜನ್‌ರ ಸಂಗ್ರಹ ಅವರ ನಿಧನಾನಂತರ 1997ರಲ್ಲಿ ಪ್ರಕಟವಾಯಿತು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಇದನ್ನೇ ಸಂಗೀತ ನಾಟಕವಾಗಿಸಿ ವಿಯೆನ್ನಾದಲ್ಲಿ ಪ್ರದರ್ಶಿಸಿದರು.

ಗಿಡುಗನಾಗಿ ಉಳಿದ ಟೊಬಾಯಸ್‌ನನ್ನೂ ನಡುದಾರಿಯಲ್ಲಿ ಉಳಿದ ಈ ಹುಡುಗಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ರೂಪ ಬದಲಿಸುವುದು ಎರಡೂ ಕಡೆ ಬರಿಯ ಚಮತ್ಕಾರವಲ್ಲ, ಅಪಾಯ. ಹಿಂದಿರುಗುವ ದಾರಿ ಕಿರಿದಾಗಿದೆ, ಅದನ್ನು ಕಾಯುವವರು ಬೇಕು. ಹತ್ತು ಹನ್ನೆರಡರ ವಯಸ್ಸಿನ ಮಗುವಿಗೆ ಈ ಕಥೆ ಏಕೆ ಹಿಡಿಸುತ್ತದೆಂದು ವಿವರಿಸಬೇಕಾಗಿಲ್ಲ. ಅದರ ಧ್ವನಿ ಒಡೆಯುತ್ತಿದೆ, ಮೀಸೆ ಚಿಗುರುತ್ತಿದೆ, ಕಳೆದ ವರ್ಷದ ಬಟ್ಟೆ ಈ ವರ್ಷ ಹಿಡಿಸುತ್ತಿಲ್ಲ. ತನ್ನ ಮೈಯೇ ತನ್ನ ಮಾತು ಕೇಳದ ಕಾಲ ಅದು.

ಇನ್ನು ಚಿತ್ರದ ವಿಷಯ. ಓದಿ ಸುಮ್ಮನಿರದೆ ಇವರು ಬಿಡಿಸುವುದೇಕೆ? ಆ ಪುಸ್ತಕಗಳ ಹೊದಿಕೆಗಳಲ್ಲಿ ಬಹುಪಾಲನ್ನು ಡೇವಿಡ್ ಮ್ಯಾಟಿಂಗ್ಲಿ ಎಂಬ ಕಲಾವಿದ ಮಾಡಿದ್ದು. ಮಗುವಿನ ಮುಖ ಹಂತಹಂತವಾಗಿ ಪ್ರಾಣಿಯಾಗುವುದನ್ನು ಗಣಕಯಂತ್ರದ ನೆರವಿನಿಂದ ಮೇಣ ಕರಗಿದಷ್ಟು ನಯವಾಗಿ ತೋರಿಸಿದರು. ಪುಟದ ಮೂಲೆಯಲ್ಲಿ ಪುಟ್ಟ ಚಿತ್ರಗಳಿದ್ದವು, ಹಾಳೆಗಳನ್ನು ಸರಸರನೆ ಜಾರಿಸಿದರೆ ಅವೂ ರೂಪ ಬದಲಿಸುತ್ತಿದ್ದವು. ಆದರೆ ಒಳಗಿನ ಬರಹದಲ್ಲಿ ಬದಲಾವಣೆ ನಯವಾಗಿಲ್ಲ. ಎಲುಬು ಲಟಲಟನೆ ಸರಿಯುತ್ತದೆ, ಕಣ್ಣು ಮೊದಲು ಬರುತ್ತದೋ ಬಾಲ ಮೊದಲು ಬರುತ್ತದೋ ಹೇಳಲಾಗದು. ಹೊದಿಕೆ ಹೇಳುವುದೊಂದು, ಪುಟ ಹೇಳುವುದೊಂದು. ಆ ನಡುವಣ ತೆರಪನ್ನು ತುಂಬಲೆಂದೇ ಓದುಗ ಮಕ್ಕಳು ಪೆನ್ಸಿಲ್ ಹಿಡಿದರು. ಆಂಡಲೈಟ್ ಎಂಬ ಜೀವಿ ಇದಕ್ಕೆ ಉತ್ತಮ ನಿದರ್ಶನ. ನೀಲಿ ರೋಮ, ಜಿಂಕೆಯಂಥ ನಾಲ್ಕು ಕಾಲು, ಮನುಷ್ಯನಂಥ ಎದೆ ಮತ್ತು ಕೈ, ಬಾಯಿಲ್ಲದ ಮುಖ, ದಂಟಿನ ಮೇಲೆ ಎರಡು ಹೆಚ್ಚುವರಿ ಕಣ್ಣು, ಚೇಳಿನ ಕೊಂಡಿಯಂಥ ಬಾಲ. ಇಷ್ಟು ಹೇಳಿಬಿಟ್ಟರೆ ಒಬ್ಬೊಬ್ಬ ಮಗು ಒಂದೊಂದು ರೀತಿ ಬಿಡಿಸದೆ ಇದ್ದೀತೆ?

ಬಿಡಿಸಲು ಕುಳಿತಾಗ ಕಲಿಕೆ ತಾನಾಗಿ ಆರಂಭವಾಗುತ್ತದೆ. ಮನುಷ್ಯ ಕುದುರೆಯಾಗುವ ಚಿತ್ರ ಬರೆಯಬೇಕಾದರೆ ಕುದುರೆಯ ಹಿಂಗಾಲು ಏಕೆ ಹಿಂದಕ್ಕೆ ಮಡಿಚಿದಂತೆ ಕಾಣುತ್ತದೆಂದು ಕೇಳಲೇಬೇಕು. ನಾವು ಮಂಡಿಯೆಂದು ತಿಳಿದದ್ದು ಅದರ ಹಿಮ್ಮಡಿ, ನಿಜವಾದ ಮಂಡಿ ಮೇಲೆ ಹೊಟ್ಟೆಯ ಬಳಿ ಇದೆ, ಕುದುರೆ ಒಂದೇ ಬೆರಳಿನ ತುದಿಯಲ್ಲಿ ನಿಂತಿದೆ ಎಂಬುದು ಆಗ ಹೊಳೆಯುತ್ತದೆ. ಹಕ್ಕಿಯ ರೆಕ್ಕೆಯೊಳಗೆ ನಮ್ಮ ಮೊಣಕೈಯೇ ಇದೆ ಎಂದೂ ತಿಳಿಯುತ್ತದೆ. ಪಾಠಪುಸ್ತಕದಲ್ಲಿ ಇದಕ್ಕೆ ತೌಲನಿಕ ಅಂಗರಚನೆ ಎಂಬ ದೊಡ್ಡ ಹೆಸರಿದೆ. ಗೋಡೆಯ ಮೇಲಿನ ಹಲ್ಲಿಯ ಬೆರಳನ್ನು ಲೆಕ್ಕ ಹಾಕಿ ನೋಡಿದೆ, ಐದು ಸರಿಯಾಗಿವೆ. ಆ ಹುಡುಗ ಮನೆಯ ಗೋಡೆಯ ಹಲ್ಲಿಯನ್ನು ನೋಡಿಯೇ ಬಿಡಿಸಿದ್ದಾನೆ.

‘ಆದರೂ ಇದು ಪರರ ಪಾತ್ರದ ನಕಲಲ್ಲವೆ?’ ಎಂದು ಕೇಳಬಹುದು. ಕರಾವಳಿಯಲ್ಲಿ ರಾತ್ರಿಯ ಯಕ್ಷಗಾನ ನೋಡಿದ ಮಕ್ಕಳು ಮರುದಿನ ಬೆಳಿಗ್ಗೆ ಅಡಿಕೆ ಹಾಳೆಯನ್ನು ಕತ್ತರಿಸಿ ಕಿರೀಟ ಮಾಡಿ, ಮಸಿ ಬಳಿದುಕೊಂಡು ಅಂಗಳದಲ್ಲಿ ಮಹಿಷಾಸುರನಾಗಿ ಕುಣಿಯುತ್ತಿದ್ದರು. ಮಹಿಷಾಸುರನೂ ಅರ್ಧ ಕೋಣ, ಅರ್ಧ ಮನುಷ್ಯ. ಆ ಹಾಳೆಯ ಕಿರೀಟವನ್ನು ಯಾರೂ ನಕಲೆಂದು ಹೀಗಳೆಯಲಿಲ್ಲ. ಅಂಥ ಅಂಗಳಗಳಿಂದಲೇ ಮುಂದಿನ ಎಷ್ಟೋ ವೇಷಧಾರಿಗಳು ಬಂದರು. ಅಷ್ಟು ದೂರ ಏಕೆ, ಉಪನಗರದ ಬಸ್ ನಿಲ್ದಾಣದ ಎದುರು ನಿಂತು ಆಟೊಗಳ ಹಿಂಭಾಗ ನೋಡಿ. ಶಂಕರ್‌ನಾಗ್ ಅವರ ‘ಆಟೊರಾಜ’ ಬಂದದ್ದು 1980ರಲ್ಲಿ, ಅವರು ತೀರಿಕೊಂಡದ್ದು 1990ರಲ್ಲಿ. ಅನಂತರ ಹುಟ್ಟಿದ ಚಾಲಕರೂ ಅವರ ಮುಖವನ್ನು ಆಟೊದ ಮೇಲೆ ಬರೆಸಿಕೊಳ್ಳುತ್ತಾರೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅಗಲಿದ ಮೇಲೆ ಗೋಡೆ, ಆಟೊ, ತೋಳಿನ ಹಚ್ಚೆ ಎಲ್ಲೆಲ್ಲೂ ಅವರ ನಗು. ಅಭಿಮಾನವು ಚಿತ್ರವಾಗಲು ಹವಣಿಸುವುದು ನಮ್ಮೂರಿನಲ್ಲಿ ಎಲ್ಲರೂ ಬಲ್ಲ ಸಂಗತಿ. ದೊಡ್ಡವರು ಮಾಡಿದರೆ ಅಭಿಮಾನ, ಮಕ್ಕಳು ಮಾಡಿದರೆ ಗೀಚಾಟ ಎನ್ನುವುದು ನ್ಯಾಯವಲ್ಲ.

ಅಭಿಮಾನಕ್ಕೆ ಇನ್ನೊಂದು ಮುಖವೂ ಉಂಟು, ಅದು ತಕರಾರು. ಆನಿಮಾರ್ಫ್ಸ್‌ನ ಕೊನೆಯ ಪುಸ್ತಕದಲ್ಲಿ ಯುದ್ಧ ಗೆದ್ದರೂ ಸುಖ ಸಿಗುವುದಿಲ್ಲ. ರೇಚೆಲ್ ಎಂಬ ಹುಡುಗಿ ಸಾಯುತ್ತಾಳೆ, ಉಳಿದವರು ಒಳಗೊಳಗೇ ಮುರಿದುಹೋಗುತ್ತಾರೆ. ಓದುಗರು ಸಿಟ್ಟಾದರು. ಲೇಖಕಿ ಅವರಿಗೊಂದು ಬಹಿರಂಗ ಪತ್ರ ಬರೆದು, ಯುದ್ಧದ ಕಥೆ ಸುಖಾಂತವಾಗುವುದು ಸುಳ್ಳಾಗುತ್ತಿತ್ತು ಎಂಬರ್ಥದ ಉತ್ತರ ಕೊಟ್ಟರು. ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು. ಒಪ್ಪದವರು ಕಾಗದದ ಮೇಲೆ ರೇಚೆಲ್‌ಳನ್ನು ಬದುಕಿಸಿಕೊಂಡರು. ಸಾಹಿತ್ಯ ವಿಮರ್ಶೆಯ ಮೊದಲ ಪಾಠ ಇದಲ್ಲದೆ ಮತ್ತೇನು?

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ನನ್ನ ಮಗ ಚಿಕ್ಕವನಿದ್ದಾಗ ಇಂಥದೇ ಚಿತ್ರಗಳನ್ನು ಬರೆಯುತ್ತಿದ್ದ. ಹತ್ತನೆಯ ತರಗತಿಯ ವರ್ಷ ನಾನು ಆ ನೋಟ್‌ಬುಕ್ಕುಗಳನ್ನು ಹಳೆ ಪೇಪರಿನವನಿಗೆ ತೂಕಕ್ಕೆ ಹಾಕಿದೆ. ಅವನು ಜಗಳವಾಡಲಿಲ್ಲ. ಮತ್ತೆ ಬರೆಯಲೂ ಇಲ್ಲ. ಅಂಕಗಳೇನೋ ಬಂದವು. ಆ ಪುಸ್ತಕಗಳಲ್ಲಿ ಏನಿತ್ತೆಂದು ನಾನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ ಎಂಬುದು ಈಗ ಕಾಡುತ್ತದೆ.

ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಸಿಗುತ್ತದೆ. ರೇಷ್ಮೆಹುಳು ನಾಲ್ಕು ಸಲ ಪೊರೆ ಕಳಚಿ ಗೂಡು ಕಟ್ಟುತ್ತದೆ. ಒಳಗಿನ ಕೋಶ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆಂದು ಅದಕ್ಕೆ ಮೊದಲೇ ಬಿಸಿಯಲ್ಲಿ ಕೊಂದು ನೂಲು ತೆಗೆಯುತ್ತೇವೆ. ನಮಗೆ ರೇಷ್ಮೆ ಬೇಕು, ಆದ್ದರಿಂದ ಹಾಗೆ ಮಾಡುತ್ತೇವೆ. ಮಕ್ಕಳಿಂದ ಅಂಕದ ನೂಲು ತೆಗೆಯುವಾಗ ಏನನ್ನು ಕೊಲ್ಲುತ್ತಿದ್ದೇವೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಒಂದು ಕೊರಗು. ಗೋಡೆಯ ಮೇಲೆ ಆಂಡಲೈಟ್ ಇದೆ, ಗಿಡುಗವಿದೆ, ಹಲ್ಲಿಯಿದೆ, ಹೂವಿನ ಮರವಾದ ಹುಡುಗಿ ಇಲ್ಲ. ಇದು ಮಕ್ಕಳ ತಪ್ಪಲ್ಲ. ಆ ಕಥೆಯನ್ನು ಅವರಿಗೆ ನಾವು ಹೇಳಿಲ್ಲ. ಹೇಳಿದ್ದರೆ, ಮೊದಲು ಬೇರು ಬರುತ್ತದೋ ಹೂವು ಬರುತ್ತದೋ ಎಂದು ಅವರೇ ಕೇಳುತ್ತಿದ್ದರು.

ಆದ್ದರಿಂದ ಆ ತಾಯಿಗೆ ನನ್ನ ಉತ್ತರ ಇಷ್ಟೆ. ಪರೀಕ್ಷೆ ಮುಗಿಯುವವರೆಗೆ ಗಣಿತಕ್ಕೆ ಒಂದು ಪುಸ್ತಕ, ಚಿತ್ರಕ್ಕೆ ಬೇರೊಂದು ಪುಸ್ತಕ ಕೊಡಿಸಿ, ಅಮ್ಮ. ಎರಡನೆಯದನ್ನು ತೂಕಕ್ಕೆ ಹಾಕಬೇಡಿ. ಇಂದು ರಾತ್ರಿ ಊಟವಾದ ಮೇಲೆ ಅವನಿಗೆ ಹೂವಿನ ಮರದ ಕಥೆ ಹೇಳಿ. ನಾಳೆ ಅವನು ಏನು ಬರೆದನೆಂದು ನನಗೂ ತಿಳಿಸಿದರೆ ಬಂದು ನೋಡುತ್ತೇನೆ.