ಹೂಳು ತುಂಬಿದ ಕಾಲುವೆ: ಲಿವರ್ ಸಿರೋಸಿಸ್ ಮತ್ತು ಪೋರ್ಟಲ್ ಒತ್ತಡ

(ಮಹಿಳಾ ವೇದಿಕೆಯ ಆರೋಗ್ಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಎಂ.ಟೆಕ್ ಓದಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು. ನಾಲ್ಕು ವರ್ಷಗಳಿಂದ ನಮ್ಮ ಅತ್ತೆಯವರ ಲಿವರ್ ಕಾಯಿಲೆಯ ಫೈಲು ನನ್ನ ಕೈಯಲ್ಲಿದೆ. ಡಾಕ್ಟರು ಹೇಳಿದ್ದನ್ನು ಮನೆಗೆ ಬಂದು ಓದಿ, ಅರ್ಥವಾಗದ್ದನ್ನು ಮುಂದಿನ ಭೇಟಿಯಲ್ಲಿ ಅವರನ್ನೇ ಕೇಳಿ ತಿಳಿದುಕೊಂಡಿದ್ದೇನೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಚಿಕಿತ್ಸೆಯ ತೀರ್ಮಾನ ಏನಿದ್ದರೂ ನಿಮ್ಮ ನಿಮ್ಮ ಡಾಕ್ಟರದ್ದೇ.

ಸಿರೋಸಿಸ್ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ, "ಕುಡೀತಿದ್ರಾ?" ಮದ್ಯ ದೊಡ್ಡ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳಿಂದಲೂ ಸಿರೋಸಿಸ್ ಬರುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್‌ನಿಂದಲೂ ಬರುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬೀಳುವ ಆಟೊಇಮ್ಯೂನ್ ಕಾಯಿಲೆಯಂತೂ ಹೆಂಗಸರಲ್ಲೇ ಹೆಚ್ಚು. ನಮ್ಮ ಅತ್ತೆ ಕಾಫಿಗಿಂತ ಗಟ್ಟಿಯಾದದ್ದನ್ನು ಬಾಯಿಗಿಟ್ಟವರಲ್ಲ. ಅವರಿಗಿದ್ದದ್ದು ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಆದರೂ ಆ ಪ್ರಶ್ನೆಗೆ ಅಂಜಿ ಮದುವೆ, ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದರು. ನಾಚಿಕೆಯಿಂದ ಮುಚ್ಚಿಟ್ಟರೆ ತಪಾಸಣೆ ತಡವಾಗುತ್ತದೆ. ತಡವಾದರೆ ಏನಾಗುತ್ತದೆ ಅನ್ನುವುದೇ ಇವತ್ತಿನ ವಿಷಯ.

ನಾವು ತಿಂದದ್ದೆಲ್ಲ ಕರುಳಿನಿಂದ ರಕ್ತಕ್ಕೆ ಸೇರಿ ಪೋರ್ಟಲ್ ರಕ್ತನಾಳದ ಮೂಲಕ ಯಕೃತ್ತಿಗೆ ಹೋಗುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯಿಂದಲೇ. ಸಿರೋಸಿಸ್‌ನಲ್ಲಿ ಯಕೃತ್ತಿನ ಒಳಗೆಲ್ಲ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆದು ರಕ್ತ ಸಲೀಸಾಗಿ ಹರಿಯುವುದಿಲ್ಲ. ಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಬದು ಒಡೆದುಕೊಂಡು ಅಕ್ಕಪಕ್ಕ ನುಗ್ಗುವುದಿಲ್ಲವೇ, ಹಾಗೆ ರಕ್ತ ಬೇರೆ ದಾರಿ ಹುಡುಕುತ್ತದೆ. ಅನ್ನನಾಳದ ಕೆಳಭಾಗದ, ಜಠರದ ಸಣ್ಣ ಸಣ್ಣ ನಾಳಗಳು ಉಬ್ಬುತ್ತವೆ. ಇವಕ್ಕೆ ವೇರಿಸಿಸ್ ಎನ್ನುತ್ತಾರೆ. ಒಡೆದರೆ ರಕ್ತವಾಂತಿ. ಗುಲ್ಮ ದೊಡ್ಡದಾಗಿ ಪ್ಲೇಟ್‌ಲೆಟ್ ಇಳಿಯುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಇಷ್ಟು ಸಾಲದೆಂಬಂತೆ ಕರುಳಿನ ರಕ್ತನಾಳಗಳೂ ಹಿಗ್ಗಿ ಇನ್ನಷ್ಟು ರಕ್ತ ಕಳಿಸುತ್ತವೆ. ಕೆಳಗೆ ಹೂಳು, ಮೇಲಿಂದ ನೀರು ಜಾಸ್ತಿ.

ಈ ಒತ್ತಡವೇ ಬೇರೆ, ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಯೇ ಬೇರೆ. ತೋಳಿನ ಬಿಪಿ ಕಡಿಮೆ ಇದ್ದವರಲ್ಲೂ ಪೋರ್ಟಲ್ ಒತ್ತಡ ಜಾಸ್ತಿ ಇರಬಹುದು. ಇದನ್ನು ನಿಖರವಾಗಿ ಅಳೆಯಲು ಸಾಮಾನ್ಯವಾಗಿ ಕುತ್ತಿಗೆಯ ರಕ್ತನಾಳದಿಂದ ತೆಳುವಾದ ಕೊಳವೆಯನ್ನು ಯಕೃತ್ತಿನವರೆಗೆ ಇಳಿಸುತ್ತಾರೆ. ಅಳತೆ 5 ಮಿ.ಮೀ. ಪಾದರಸದ ಒಳಗಿದ್ದರೆ ಸರಿ. 10 ಮುಟ್ಟಿದರೆ ತೊಡಕುಗಳ ಭಯ, 12 ದಾಟಿದರೆ ವೇರಿಸಿಸ್ ಒಡೆಯುವ ಭಯ. ಎಲ್ಲ ಕಡೆ ಈ ಸೌಲಭ್ಯ ಇಲ್ಲದ್ದರಿಂದ ಯಕೃತ್ತಿನ ಬಿಗಿತ ಅಳೆಯುವ ಫೈಬ್ರೋಸ್ಕ್ಯಾನ್ ಉಪಯೋಗಕ್ಕೆ ಬಂದಿದೆ. ಇಟಲಿಯ ಬವೇನೋ ಎಂಬ ಊರಿನಲ್ಲಿ 1990ರಲ್ಲಿ ಶುರುವಾದ ತಜ್ಞರ ಸಭೆಗಳು ಈ ವಿಷಯದಲ್ಲಿ ಜಗತ್ತಿಗೇ ದಾರಿ ತೋರಿಸುತ್ತಿವೆ. ಬಿಗಿತ 20 ಕಿಲೋಪಾಸ್ಕಲ್‌ಗಿಂತ ಕಡಿಮೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಇದ್ದರೆ, ಸಿರೋಸಿಸ್‌ನ ಮೊದಲ ಹಂತದವರಿಗೆ ಎಂಡೋಸ್ಕೋಪಿ ಸದ್ಯಕ್ಕೆ ಬೇಡ ಎಂದು 2015ರ ಸಭೆ ಹೇಳಿತು. ಸೂಜಿಯಿಲ್ಲದ ಸ್ಕ್ಯಾನು, ಒಂದು ಸಾಧಾರಣ ರಕ್ತಪರೀಕ್ಷೆ, ಇಷ್ಟರಿಂದಲೇ ಎಷ್ಟೋ ಜನರಿಗೆ ಎಂಡೋಸ್ಕೋಪಿಯ ಕಷ್ಟ ತಪ್ಪಿತು.

ಇನ್ನು ಔಷಧಿಯ ಕಥೆ. ಪ್ರೊಪ್ರನೊಲಾಲ್ ಹೃದಯದ ಕಾಯಿಲೆಗೆಂದು 1960ರ ದಶಕದಲ್ಲಿ ಬಂದ ಮಾತ್ರೆ. ಅದನ್ನು ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಈ ಮಾತ್ರೆ ಕರುಳಿನಿಂದ ಬರುವ ರಕ್ತದ ಹರಿವನ್ನು ತಗ್ಗಿಸುತ್ತದೆ, ಅಂದರೆ ಮೇಲಿನ ತೂಬನ್ನು ಸ್ವಲ್ಪ ಮುಚ್ಚಿದಂತೆ. ಒಮ್ಮೆ ರಕ್ತಸ್ರಾವವಾದ 74 ಸಿರೋಸಿಸ್ ರೋಗಿಗಳ ಮೇಲೆ ಫ್ರಾನ್ಸಿನ ಡಿಡಿಯೆ ಲೆಬ್ರೆಕ್ ತಂಡ ಇದನ್ನು ಪರೀಕ್ಷಿಸಿ 1981ರಲ್ಲಿ ಪ್ರಕಟಿಸಿತು. ಒಂದು ವರ್ಷದ ನಂತರ, ಮಾತ್ರೆ ತೆಗೆದುಕೊಂಡವರಲ್ಲಿ ಶೇ. 96ರಷ್ಟು ಮಂದಿಗೆ ಮತ್ತೆ ರಕ್ತಸ್ರಾವ ಆಗಿರಲಿಲ್ಲ. ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಆ ಪ್ರಮಾಣ ಶೇ. 50. ಆಮೇಲಿನ ಅಧ್ಯಯನಗಳಲ್ಲಿ ಫಲ ಇಷ್ಟು ದೊಡ್ಡದಾಗಿ ಕಾಣದಿದ್ದರೂ ದಾರಿ ಮಾತ್ರ ಗಟ್ಟಿಯಾಯಿತು.

ಇನ್ನೊಂದು ದಾರಿ ಬ್ಯಾಂಡಿಂಗ್. ಮೂಲವ್ಯಾಧಿಗೆ ಬಳಸುತ್ತಿದ್ದ ಪುಟ್ಟ ರಬ್ಬರ್ ಬ್ಯಾಂಡಿನ ಉಪಾಯವನ್ನೇ ಎಂಡೋಸ್ಕೋಪಿಗೆ ತಂದದ್ದು. ಇದರಲ್ಲಿ ನಮ್ಮ ದೆಹಲಿಯ ಪಾಲೂ ಇದೆ. ಜಿ.ಬಿ. ಪಂತ್ ಆಸ್ಪತ್ರೆಯಲ್ಲಿ ಡಾ. ಶಿವಕುಮಾರ್ ಸರಿನ್ ಮತ್ತು ಸಂಗಡಿಗರು, ವೇರಿಸಿಸ್ ದೊಡ್ಡದಾಗಿದ್ದರೂ ಇನ್ನೂ ಒಡೆಯದ 89 ರೋಗಿಗಳಲ್ಲಿ ಬ್ಯಾಂಡಿಂಗನ್ನು ಪ್ರೊಪ್ರನೊಲಾಲ್ ಜೊತೆ ಹೋಲಿಸಿ ನೋಡಿದರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 18 ತಿಂಗಳಲ್ಲಿ ರಕ್ತಸ್ರಾವದ ಸಂಭವ ಮಾತ್ರೆಯವರಲ್ಲಿ ಶೇ. 43, ಬ್ಯಾಂಡಿಂಗ್‌ನವರಲ್ಲಿ ಶೇ. 15. ಬದುಕುಳಿಯುವುದರಲ್ಲಿ ಮಾತ್ರ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇಂಥ ಅನೇಕ ಅಧ್ಯಯನಗಳನ್ನು ತೂಗಿ ನೋಡಿಯೇ ಡಾಕ್ಟರು ಯಾರಿಗೆ ಯಾವುದು ಎಂದು ನಿರ್ಧರಿಸುತ್ತಾರೆ.

ನನಗೆ ಬಹಳ ಮುಖ್ಯ ಅನ್ನಿಸಿದ್ದು 2019ರ ಸ್ಪೇನ್ ಅಧ್ಯಯನ. ಅಲ್ಲಿಯವರೆಗೆ ಮಾತ್ರೆ ಕೊಡುತ್ತಿದ್ದದ್ದು ರಕ್ತಸ್ರಾವ ತಡೆಯಲು. ಇವರು, ಒತ್ತಡ 10 ದಾಟಿದ್ದರೂ ಬೇರೆ ತೊಡಕು ಕಾಣಿಸದ 201 ಜನರಲ್ಲಿ ಸುಮಾರು ಅರ್ಧ ಮಂದಿಗೆ ಪ್ರೊಪ್ರನೊಲಾಲ್ ಅಥವಾ ಅದರ ಬಳಗದ ಕಾರ್ವೆಡಿಲಾಲ್ ಕೊಟ್ಟು ಮೂರು ವರ್ಷ ಗಮನಿಸಿದರು. ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತಸ್ರಾವ, ಮಂಕು ಕವಿಯುವುದು ಅಥವಾ ಸಾವು, ಇವೆಲ್ಲ ಸೇರಿ ಮಾತ್ರೆ ಪಡೆದವರಲ್ಲಿ ಶೇ. 16, ಪಡೆಯದವರಲ್ಲಿ ಶೇ. 27. ಹೆಚ್ಚಿನ ಲಾಭ ಆದದ್ದು ಹೊಟ್ಟೆಯಲ್ಲಿ ನೀರು ತುಂಬದಂತೆ ತಡೆಯುವುದರಲ್ಲಿ. ಕಾಯಿಲೆ ಬೇಗ ಗೊತ್ತಾದವರಿಗೆ ಮಾತ್ರ ಸಿಗುವ ಲಾಭ ಇದು.

ಒಡೆದೇ ಬಿಟ್ಟರೆ? ಯಕೃತ್ತಿನ ಒಳಗೇ ಸ್ಟೆಂಟ್ ಇಟ್ಟು ರಕ್ತಕ್ಕೆ ಅಡ್ಡದಾರಿ ಮಾಡಿಕೊಡುವ ಟಿಪ್ಸ್ ಎಂಬ ಚಿಕಿತ್ಸೆ ಇದೆ. ಹೆಚ್ಚು ಅಪಾಯದಲ್ಲಿರುವ ರೋಗಿಗಳಿಗೆ 72 ಗಂಟೆಯೊಳಗೆ ಇದನ್ನು ಮಾಡಿದರೆ ಜೀವ ಉಳಿಯುವ ಸಂಭವ ಹೆಚ್ಚು ಎಂದು 2010ರ ಯುರೋಪಿನ ಅಧ್ಯಯನ ತೋರಿಸಿತು. ಎಲ್ಲರಿಗೂ ಆಗಿಬರುವುದಿಲ್ಲ. ಶುದ್ಧವಾಗದ ರಕ್ತ ನೇರವಾಗಿ ಮೆದುಳಿಗೆ ಹೋಗಿ ಮಂಕು ಕವಿಯುವ ಅಪಾಯವೂ ಇದೆ.

ಈಗ ಮನೆಯ ಮಾತು. ರಕ್ತವಾಂತಿ ಯಾರ ಕಣ್ಣಿಗೂ ಬೀಳುತ್ತದೆ. ಡಾಂಬರಿನಂತೆ ಕಪ್ಪಾದ ಮಲ ಬೀಳುವುದಿಲ್ಲ. ಅದೂ ಒಳಗಿನ ರಕ್ತಸ್ರಾವದ ಗುರುತೇ. ದಾವಣಗೆರೆಯಿಂದ ಬಂದು ಇಲ್ಲಿರುವ ನಮ್ಮ ಅತ್ತೆ ಈ ವಿಷಯವನ್ನು ಎರಡು ದಿನ ಯಾರಿಗೂ ಹೇಳಿರಲಿಲ್ಲ. ಮಗನ ಹತ್ತಿರ ಹೇಳಲು ಸಂಕೋಚ, ಸೊಸೆಯ ಹತ್ತಿರವೂ ಸಂಕೋಚ, ಡಾಕ್ಟರಿಗೆ ಹೇಳೋಣವೆಂದರೆ ಹಿಂದಿ ಬಾರದು. ಪಕ್ಕದ ಮನೆಯ ಕನ್ನಡದ ಅಜ್ಜಿಯ ಹತ್ತಿರ ಆಡಿದ ಮಾತಿನಿಂದ ನಮಗೆ ಗೊತ್ತಾಯಿತು. ಹೊರನಾಡಿನಲ್ಲಿರುವ ನಮ್ಮ ಹಿರಿಯರ ಕಷ್ಟ ಇದು. "ಹೇಗಿದ್ದೀರಿ" ಎಂದರೆ "ಆರಾಮಾಗಿದ್ದೀನಮ್ಮ" ಅನ್ನುತ್ತಾರೆ. "ಇವತ್ತು ಮಲ ಕಪ್ಪಗಿತ್ತಾ ಅಮ್ಮ" ಎಂದು ನಾವೇ ನೇರವಾಗಿ ಕೇಳಬೇಕು. ಹೌದು ಎಂದರೆ ಬೆಳಗಾಗಲಿ ಎಂದು ಕಾಯದೆ, ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೊರಡಬೇಕು.

ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು. ತಲೆಸುತ್ತು, ಬಿಪಿ ಇಳಿತ ಇದ್ದರೆ ಡಾಕ್ಟರಿಗೆ ತಿಳಿಸಬೇಕು. ಆಸ್ತಮಾ ಇದ್ದವರು ಮೊದಲೇ ಹೇಳಬೇಕು. ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತರಬೇಡಿ, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥವು ಇವರಿಗೆ ಅಪಾಯ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ಕಡಿಮೆ. ನಮ್ಮ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯ ಲೆಕ್ಕವೂ ಅದರಲ್ಲಿ ಸೇರಲಿ. ಬೇಳೆ, ಮೊಸರು ಬಿಡಿಸುವುದು ತಪ್ಪು, ಇವರಿಗೆ ಪ್ರೋಟೀನ್ ಬೇಕೇ ಬೇಕು. ರಾತ್ರಿಯೆಲ್ಲ ಖಾಲಿ ಹೊಟ್ಟೆಯಲ್ಲಿರದಂತೆ ಮಲಗುವ ಮುಂಚೆ ಏನಾದರೂ ಸ್ವಲ್ಪ ತಿನ್ನಬೇಕು. ಯಾರೋ ಹೇಳಿದ ಕಷಾಯವನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಕೊನೆಯದಾಗಿ ನಮ್ಮ ನಮ್ಮ ಬಗ್ಗೆ. ಮನೆಯವರೆಲ್ಲರ ರಿಪೋರ್ಟು ಜೋಪಾನವಾಗಿಡುವ ನಾವು ನಮ್ಮದನ್ನು ಮಾಡಿಸಿಕೊಳ್ಳುವುದು ಎಲ್ಲರಿಗಿಂತ ಕೊನೆಗೆ. ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದರೆ, ತೂಕ ಹೆಚ್ಚಿದ್ದರೆ, ಯಾವುದೋ ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಎಂದು ಬರೆದಿದ್ದರೆ ಮುಂದಿನ ಭೇಟಿಯಲ್ಲಿ ಮೂರು ಪ್ರಶ್ನೆ ಕೇಳಿ: ನನ್ನ ಪ್ಲೇಟ್‌ಲೆಟ್ ಎಷ್ಟಿದೆ? ಫೈಬ್ರೋಸ್ಕ್ಯಾನ್ ಬೇಕೇ? ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಿದೆಯೇ? ಯಾರಾದರೂ "ಕುಡೀತಿದ್ರಾ" ಎಂದು ಕೇಳಿದರೆ ತಲೆ ತಗ್ಗಿಸಬೇಡಿ. ಅವರಿಗೂ ಈ ಮೂರು ಪ್ರಶ್ನೆ ಹೇಳಿಕೊಡಿ.