ಮರಳುಗಾಡಿನಲ್ಲಿ ಹತ್ತು ದಿನ



ಬೆಳಕು ಹರಿಯುವ ಮುನ್ನ ನಲವತ್ತರಷ್ಟು ಹುಡುಗ ಹುಡುಗಿಯರು ಮಸಾದಾ ಬೆಟ್ಟ ಹತ್ತುತ್ತಾರೆ. ಸುತ್ತ ಯೂದಾಯದ ಮರಳುಗಾಡು, ಕೆಳಗೆ ಮೃತ ಸಮುದ್ರ. ರೋಮನ್ನರಿಗೆ ಶರಣಾಗದೆ ಪ್ರಾಣ ಬಿಟ್ಟವರ ಕೋಟೆ ಇದೆಂದು ಜೋಸೆಫಸ್ ಬರೆದಿಟ್ಟಿದ್ದಾನೆ. ಹತ್ತುವವರು ಹೆಚ್ಚಾಗಿ ಅಮೆರಿಕದ ಯಹೂದಿ ಮಕ್ಕಳು. ಹೆಚ್ಚೂಕಡಿಮೆ ಖರ್ಚೆಲ್ಲ 1999ರಲ್ಲಿ ಶುರುವಾದ ‘ತಗ್ಲಿತ್’ ಯೋಜನೆಯದು. ದಾನಿಗಳ ದುಡ್ಡು, ಇಸ್ರೇಲ್ ಸರ್ಕಾರದ ದುಡ್ಡು.

ತಗ್ಲಿತ್ ಅಂದರೆ ಹೀಬ್ರೂವಿನಲ್ಲಿ ಶೋಧ. ಆದರೆ ಬಂದವರಲ್ಲಿ ಅನೇಕರಿಗೆ ಹೀಬ್ರೂವೇ ಬಾರದು!

1881ರಲ್ಲಿ ಜೆರುಸಲೇಮಿಗೆ ಬಂದ ಎಲಿಯೇಜರ್ ಬೆನ್ ಯೆಹೂದ ಮನೆಯೊಳಗೆ ಬೇರೆ ಮಾತೇ ಕೂಡದೆಂದು ಹಠ ಹಿಡಿದರು. ಪ್ರಾರ್ಥನೆಯ ಭಾಷೆ ಕೂಸಿನ ಬಾಯಿಗೆ ಬಂತು. ‘ನಿಘಂಟು’ ಎನ್ನುವುದಕ್ಕೂ ಪದವಿರಲಿಲ್ಲ, ಅದನ್ನೂ ಅವರೇ ಕಟ್ಟಿದರು. ಅಂಥ ಭಾಷೆ ಹತ್ತು ದಿನದ ಬಸ್ಸಿನಲ್ಲಿ ಸಿಕ್ಕೀತೇ? ಗೈಡಿನ ಮಾತು ಇಂಗ್ಲಿಷು. ಜೊತೆಗೂಡುವ ಇಸ್ರೇಲಿ ಸೈನಿಕ ಹುಡುಗರ ಹರಟೆಯೂ ಇಂಗ್ಲಿಷು.

ಆಮೇಲೆ ನೆಗೆವ್. ಬೆದೂಯಿನರ ಡೇರೆ, ಚಹಾ, ಒಂಟೆ ಸವಾರಿ. ಅದೇ ನೆಗೆವ್‌ನಲ್ಲಿ ಸರ್ಕಾರ ಮಾನ್ಯ ಮಾಡದ ಬೆದೂಯಿನ ಹಳ್ಳಿಗಳಿವೆ, ಅಲ್ಲಿಗೆ ಕರೆಂಟಿನ ತಂತಿ ಹೋಗಿಲ್ಲ. ಡೇರೆಯ ಚಹಾದಲ್ಲಿ ಆ ಕಥೆ ಇರುವುದಿಲ್ಲ. 2018ರಲ್ಲಿ ಐವರು ಹುಡುಗಿಯರು, ಪ್ಯಾಲೆಸ್ತೀನಿಯರ ಮಾತನ್ನೂ ಕೇಳಬೇಕೆಂದು ತಂಡ ಬಿಟ್ಟು ನಡೆದೇಬಿಟ್ಟರು. ಬೈದವರು ಬಹಳ. ನನಗಂತೂ ಆ ಐವರೂ ಬೇಕು, ಬೆಟ್ಟದ ಮೇಲೆ ಕಣ್ಣು ತೇವವಾದವರೂ ಬೇಕು.

ಕೆಲವರು ಮತ್ತೆ ಬರುತ್ತಾರೆ. ‘ಉಲ್ಪಾನ್’ ಎಂಬ ಭಾಷಾ ಶಾಲೆ ಸೇರಿ, ತಿಂಗಳುಗಟ್ಟಲೆ ಅಕ್ಷರ ತಿದ್ದುತ್ತಾರೆ, ಬಲದಿಂದ ಎಡಕ್ಕೆ.