ಚರಂಡಿಗೂ ಎಮ್ಮೆಲ್ಲೆ, ಮಹಡಿಗೂ ಎಮ್ಮೆಲ್ಲೆ: ಹಳೇಬೀಡಿನ ಒಂದು ರೂಮಿನ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತಿದ್ದೀರೋ, ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿಗೆ ಕಾಯ್ತಾ ಕೂತಿದ್ದೀರೋ ಗೊತ್ತಿಲ್ಲ. ಎಲ್ಲೇ ಇರಿ, ಒಂದು ಪ್ರಶ್ನೆ. ನಿಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರ ಹೆಸರೇನು?

ನೆನಪಾಗ್ತಿಲ್ವಾ? ತಪ್ಪು ನಿಮ್ಮದಲ್ಲ. ಅಂಥವರು ಯಾರೂ ಇಲ್ಲ. ನಮ್ಮ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ಕ್ಕೆ ಅವಧಿ ಮುಗಿಯಿತು. ನಾನಿದನ್ನ ರೆಕಾರ್ಡ್ ಮಾಡ್ತಿರೋದು 2024ರ ಕೊನೆಯಲ್ಲಿ, ಇನ್ನೂ ಚುನಾವಣೆ ಆಗಿಲ್ಲ. 2016ರಲ್ಲಿ 17 ವರ್ಷ ಇದ್ದವರಿಗೆ ಈಗ 25. ಅವರು ಜಿಲ್ಲಾ ಪಂಚಾಯಿತಿಗೆ ಒಂದೇ ಒಂದು ವೋಟೂ ಹಾಕಿಲ್ಲ.

ಇದೆಲ್ಲ ನನ್ನ ತಲೆಗೆ ಹೊಕ್ಕಿದ್ದು ಒಂದು ರೂಮಿನಿಂದ. ನಮ್ಮಜ್ಜಿ ಮನೆ ಹಳೇಬೀಡಲ್ಲಿ. ದೇವಸ್ಥಾನದ ಕಾಂಪೌಂಡಿನಿಂದ ಸ್ವಲ್ಪ ದೂರ ನಡೆದರೆ ಮನೆ. ಮಗನ ಮದುವೆ ಹತ್ರ ಬಂತು ಅಂತ ಮಾವ ಮಹಡಿ ಮೇಲೆ ಒಂದು ರೂಮು ಕಟ್ಟೋಕೆ ಹೊರಟರು. ಮೊದಲು ಪಂಚಾಯಿತಿ ಮೆಂಬರ್‌ನ ಕೇಳಿದರು. "ಅದು ನಮ್ಮ ಕೈಲಿಲ್ಲ" ಅಂದರು. ಮಾವ ತಕ್ಷಣ, "ಹಾಗಾದ್ರೆ ಎಮ್ಮೆಲ್ಲೆ ಹತ್ರಾನೇ ಹೋಗೋಣ" ಅಂದರು. ಗಮನಿಸಿ. ಚರಂಡಿ ಕಟ್ಟಿಕೊಂಡರೂ ಎಮ್ಮೆಲ್ಲೆ, ಮಹಡಿ ಕಟ್ಟಬೇಕಾದರೂ ಎಮ್ಮೆಲ್ಲೆ.

ಆದರೆ ಈ ವಿಷಯದಲ್ಲಿ ಎಮ್ಮೆಲ್ಲೆ ಕೈಲೂ ಏನಿಲ್ಲ. ಸಂರಕ್ಷಿತ ಸ್ಮಾರಕಗಳ ಸುತ್ತಲಿನ ಜಾಗಕ್ಕೆ 1958ರ ಕೇಂದ್ರ ಕಾಯ್ದೆ ಇದೆ, 2010ರಲ್ಲಿ ಅದಕ್ಕೆ ತಿದ್ದುಪಡಿ ಆಯ್ತು. ಅದರ ಪ್ರಕಾರ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸದಾಗಿ ಕಟ್ಟೋ ಹಾಗಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಈ ಕಾಯ್ದೆ ಮಾಡಿದ್ದು ಸಂಸತ್ತು. ವಿಧಾನಸಭೆಯಲ್ಲಿ ಬೇಲೂರಿನ ಶಾಸಕರು ಎಷ್ಟು ಜೋರಾಗಿ ಮಾತಾಡಿದರೂ ಆ 100 ಮೀಟರ್ 99 ಆಗಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನಾವೆಲ್ಲ ಸ್ಟೇಟಸ್ ಹಾಕಿದ್ವಿ, ನಾನೂ ಹಾಕಿದ್ದೆ. ಆ ಗೌರವದ ಜೊತೆ ಸುತ್ತಲಿನ ಜಾಗ ಕಾಯೋ ಹೊಣೆಯೂ ಬರುತ್ತೆ ಅಂತ ಆಗ ಹೊಳೆದಿರಲಿಲ್ಲ.

ಹಾಗಾದ್ರೆ ಯಾವುದು ಯಾರ ಕೈಲಿದೆ? ನಾನು ಬಿಕಾಂ ಓದಿದವನು, ಲೆಡ್ಜರ್ ಥರ ಯೋಚಿಸ್ತೀನಿ. ಅಧಿಕಾರ ವಿಕೇಂದ್ರೀಕರಣ ಅಂದ್ರೆ ಮೂರು ಕಾಲಂ: ಕೆಲಸ, ಹಣ, ಸಿಬ್ಬಂದಿ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಪಂಚಾಯಿತಿಗಳಿಗೆ ಕೊಡಬಹುದಾದ 29 ವಿಷಯಗಳ ಪಟ್ಟಿ ಅದರಲ್ಲಿದೆ. ಕೆಲಸದ ಕಾಲಂ ತುಂಬಿದೆ. ಹಣ ಮತ್ತು ಸಿಬ್ಬಂದಿ ಕಾಲಂನಲ್ಲಿ ಎಷ್ಟು ಬರೀಬೇಕು ಅನ್ನೋದು ರಾಜ್ಯದ ಮರ್ಜಿ. ಅಲ್ಲೇ ಜಗಳ.

ಕರ್ನಾಟಕ ಅದಕ್ಕಿಂತ ಮೊದಲೇ ದಾರಿ ತೋರಿಸಿತ್ತು. ರಾಮಕೃಷ್ಣ ಹೆಗಡೆ ಸರ್ಕಾರ, ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಅವರ ಕಾಲದ 1983ರ ಕಾಯ್ದೆ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೀತು. ಮಹಿಳೆಯರಿಗೆ ಶೇ. 25 ಮೀಸಲಾತಿ, ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಈಗ ನೀವೇ ಶಾಸಕರ ಜಾಗದಲ್ಲಿ ನಿಂತು ಯೋಚಿಸಿ. ನಿಮ್ಮ ಕ್ಷೇತ್ರದಲ್ಲೇ ಇನ್ನೊಬ್ಬ ನಾಯಕ, ಅವನಿಗೂ ಕಾರು, ಅವನಿಗೂ ದರ್ಜೆ. ಯಾರಿಗೆ ಇಷ್ಟ ಆಗುತ್ತೆ? 1992ರಲ್ಲಿ ಅವಧಿ ಮುಗಿದಾಗ ಆಡಳಿತಾಧಿಕಾರಿಗಳು ಬಂದು ಕೂತರು. ಮುಂದಿನ ಜಿಲ್ಲಾ ಪಂಚಾಯಿತಿ ಚುನಾವಣೆ ಆಗಿದ್ದು 1995ರಲ್ಲಿ.

ಈ ಸಲದ ಕಥೆಯೂ ಹಾಗೇ. 2021ರಲ್ಲಿ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನ ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಆಗ ಇದ್ದದ್ದು ಬಿಜೆಪಿ ಸರ್ಕಾರ, ಈಗ ಇರೋದು ಕಾಂಗ್ರೆಸ್. ಚುನಾವಣೆ ಮಾತ್ರ ಎರಡೂ ಕಾಲದಲ್ಲಿ ಇಲ್ಲ. ಅವಧಿ ಮುಗಿಯೋ ಮೊದಲೇ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನ ಹೇಳುತ್ತೆ. ವಿಧಾನಸಭೆ ಚುನಾವಣೆ ಹೀಗೆ ಮೂರು ವರ್ಷ ತಡ ಆಗಿದ್ರೆ ಟಿವಿಯವರು ಬಿಡ್ತಿದ್ರಾ?

ಕೆಲವರು ಕೇಳ್ತಾರೆ, ಜನರೇ ನೇರವಾಗಿ ವೋಟ್ ಮಾಡಿ ತೀರ್ಮಾನಿಸಿದ್ರೆ ಏನು ಅಂತ. ಆಗಿದೆ. 2013ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಜನ ಭೂಬಳಕೆ ಕಾಯ್ದೆಗೇ ವೋಟ್ ಹಾಕಿ ಒಪ್ಪಿಗೆ ಕೊಟ್ಟರು. ಅದೇ ವರ್ಷ ಒಡಿಶಾದ ನಿಯಮಗಿರಿಯಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ, 12 ಹಳ್ಳಿಗಳ ಗ್ರಾಮಸಭೆ ಸೇರಿತು. ಬಾಕ್ಸೈಟ್ ಗಣಿ ಬೇಡ ಅಂತ ಹನ್ನೆರಡೂ ಹಳ್ಳಿ ಹೇಳಿದವು. ಗಣಿ ನಿಂತಿತು. ಆದರೆ ಅಲ್ಲಿ ಅರಣ್ಯ ಹಕ್ಕು ಕಾಯ್ದೆಯ ಬಲ ಇತ್ತು. ಹಳೇಬೀಡಿನ ಮಹಡಿಗೆ ಆ ಬಲ ಇಲ್ಲ.

ಇರಬೇಕಾ? ಇಲ್ಲಿ ನನಗೇ ಅನುಮಾನ. ನಾಳೆ ವೋಟಿಗೆ ಹಾಕಿದ್ರೆ 100 ಮೀಟರ್ ನಿಯಮ ಬೇಡ ಅಂತ ನಮ್ಮ ಮಾವನೇ ಮೊದಲು ಕೈ ಎತ್ತುತ್ತಾರೆ. ಸುಮಾರು 900 ವರ್ಷದ ದೇವಸ್ಥಾನ ಅದು, ನಮ್ಮ ಬೀದಿಯವರದ್ದಷ್ಟೇ ಅಲ್ಲ. ನಾನು ಕೇಳ್ತಿರೋದು ವೀಟೋ ಅಲ್ಲ, ಮಾತು. ಪ್ರತಿ ಸ್ಮಾರಕಕ್ಕೂ ಉಪವಿಧಿಗಳನ್ನ ಮಾಡುವಾಗ ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು ಅಂತ ನಿಯಮ ಇದೆ. ಅಂಥ ಕರಡನ್ನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಶಾಸಕರು ಅಷ್ಟು ಮಾಡಿಸಿದ್ರೂ ಸಾಕು, ಅದಕ್ಕೆ ಕಾಯ್ದೆ ಬದಲಾಗಬೇಕಿಲ್ಲ.

ಗ್ರಾಮಸಭೆ ಅಂದೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕೋರಂ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ನಿಜ ಹೇಳ್ತೀನಿ, ಮೈಕ್ ಹಿಡಿದು ಇಷ್ಟೆಲ್ಲ ಮಾತಾಡೋ ನಾನು ಇವತ್ತಿನವರೆಗೆ ಒಂದು ಗ್ರಾಮಸಭೆಗೂ ಹೋಗಿಲ್ಲ. ಅಜ್ಜಿ ಹೋಗಿದ್ದಾರೆ, ಮೂರು ಸಲ. "ನೀವೆಲ್ಲ ಫೋನಲ್ಲೇ ಸಭೆ ಮಾಡ್ತೀರಲ್ಲ" ಅಂತ ಚುಚ್ಚಿದರು.

ಮಾವನ ರೂಮು ಏನಾಯ್ತು? ಟೇಪು ಹಿಡಿದು ಅಳೆದ್ವಿ. ನಮ್ಮ ಲೆಕ್ಕದಲ್ಲಿ ಮನೆ 100 ಮೀಟರಿನಿಂದ ಸ್ವಲ್ಪ ಆಚೆ, ನಿಯಂತ್ರಿತ ಪ್ರದೇಶದಲ್ಲಿ. ಅಂದ್ರೆ ಅರ್ಜಿ ಹಾಕಬಹುದು. ಎಮ್ಮೆಲ್ಲೆ ಮನೆಗೆ ಹೊರಟಿದ್ದ ಮಾವ ಈಗ ನಕ್ಷೆ ಬರೆಸ್ತಿದ್ದಾರೆ. ಮದುವೆಯೊಳಗೆ ರೂಮು ಆಗುತ್ತೋ ಇಲ್ವೋ, ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಾಯ್ತು.

ನೀವೂ ನಿಮ್ಮೂರಿನ ಮುಂದಿನ ಗ್ರಾಮಸಭೆ ಯಾವತ್ತು ಅಂತ ವಿಚಾರಿಸಿ. ನಮ್ಮೂರಿನದಕ್ಕೆ ಅಜ್ಜಿ ಪಕ್ಕದ ಕುರ್ಚಿ ನನಗೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.